ಬಡವರ ರೋಗ ಮತ್ತು ನಮ್ಮ ವಿದ್ಯಾರ್ಥಿಗಳ ಹೊಣೆ

(ರಾಯಚೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳನ್ನುದ್ದೇಶಿಸಿ ಮಾಡಿದ ಭಾಷಣ)



ಆನೆಕಾಲು ರೋಗಪೀಡಿತವೆಂದು ಸರಕಾರ ಗುರುತಿಸಿದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಇದನ್ನು ಹರಡುತ್ತದೆ. ಬಡವರ ರೋಗವಾದ್ದರಿಂದಲೇ ಇದು ಅಲಕ್ಷಿತ ರೋಗ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1979ರಲ್ಲಿ ಆರಂಭಿಸಿದ ಅಲ್ಪಾವಧಿ ವಿದ್ಯಾರ್ಥಿವೇತನ ಯೋಜನೆಯು ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಅಧ್ಯಾಪಕರ ಮಾರ್ಗದರ್ಶನದಲ್ಲಿ ಎರಡು ತಿಂಗಳ ಸಂಶೋಧನೆಗೆ ದಾರಿ ತೆರೆಯಿತು. ರಿಮ್ಸ್ ನಮ್ಮ ನಗರದಲ್ಲೇ ಇದೆ. ವಿಷಯವೂ ದೂರವಿಲ್ಲ. ಸರಕಾರ ಹಂಚಿದ ಮಾತ್ರೆಗಳನ್ನೆಲ್ಲ ಜನರು ನುಂಗಿದರೇ? ಇಲ್ಲವಾದರೆ ಏಕೆ? ದೇವದುರ್ಗ, ಮಾನ್ವಿಯ ಕೇರಿಗಳಲ್ಲಿ ಕೇಳಿರಿ. ಈ ರೋಗಾಣು ರಕ್ತದಲ್ಲಿ ಕಾಣಿಸುವುದು ರಾತ್ರಿ ವೇಳೆ; ಹಗಲಿನ ಭೇಟಿ ಸಾಲದು.

ಪ್ರತಿ ರೋಗಕ್ಕೂ ಅಲ್ಲಾಹನು ಮದ್ದಿರಿಸಿದ್ದಾನೆಂದು ಪ್ರವಾದಿವರ್ಯರು(ಸ) ಕಲಿಸಿದರು. ಅದನ್ನು ಬಡವನ ಮನೆ ಬಾಗಿಲಿಗೆ ತಲುಪಿಸುವುದು ನಮ್ಮ ಹೊಣೆ. ಚರಂಡಿ ಕಟ್ಟಿಸುವುದು ಸರಕಾರದ ಹೊಣೆ. ಅದನ್ನು ಕೇಳುವ ಧೈರ್ಯವೂ ನಮ್ಮಲ್ಲಿರಲಿ.