ಹಳೆಯ ಜೀನ್ಸು, ಹೊಸ ಟೈ, ಹೊಲಿದವರ ಕೂಲಿ

(ಗಂಗಾವತಿಯಲ್ಲಿ ಗಿರಣಿ ಕೆಲಸಗಾರರು, ಹೊಲಿಗೆಯವರು ಮತ್ತು ಸಣ್ಣ ವ್ಯಾಪಾರಿಗಳ ಕೂಟದಲ್ಲಿ ಮಾಡಿದ ಭಾಷಣ)



ಹಳೆಯ ಜೀನ್ಸ್ ಪ್ಯಾಂಟಿನಿಂದ ಕೊರಳ ಟೈ ಹೊಲಿಯುವ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕೇಳಿದ್ದೀರಿ. ಹಳೆಯ ಬಟ್ಟೆಗೆ ಜೀವ ಕೊಡುವ ವಿದ್ಯೆಯನ್ನು ನಮ್ಮ ಸೀಮೆಗೆ ಹೊರಗಿನವರು ಕಲಿಸಬೇಕಾಗಿಲ್ಲ. ಯಲಬುರ್ಗಾ, ಕುಷ್ಟಗಿಯ ಹಳ್ಳಿಗಳಲ್ಲಿ ಅವ್ವಂದಿರು ಹಳೆಯ ಸೀರೆ, ಧೋತರ ಕೂಡಿಸಿ ಕೌದಿ ಹೊಲಿಯುತ್ತ ಬಂದಿದ್ದಾರೆ. ಕೌದಿಗೆ ಬಟ್ಟೆ ಪುಕ್ಕಟೆ. ಆದರೆ ದಿನಗಟ್ಟಲೆ ಹಾಕಿದ ಹೊಲಿಗೆಯೂ ಪುಕ್ಕಟೆ ಎಂದೇ ಲೋಕ ತಿಳಿಯಿತು. ಟೈ ವಿಷಯದಲ್ಲಿ ಹೀಗಾಗಬಾರದು.

ಜೀನ್ಸು ಹುಟ್ಟಿದ್ದೇ ದುಡಿಯುವವರ ಬಟ್ಟೆಯಾಗಿ. ಅಮೆರಿಕದ ರೀನೋ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ಸಿಂಪಿಗನಿದ್ದ. ಕೂಲಿಕಾರರ ಪ್ಯಾಂಟಿನ ಜೇಬು ಹರಿಯದಂತೆ ಮೂಲೆಗಳಿಗೆ ತಾಮ್ರದ ರಿವೆಟ್ ಬಡಿದ. ಆ ಯುಕ್ತಿಗೆ ಪೇಟೆಂಟ್ ಪಡೆಯಲು ಅವನಲ್ಲಿ ಹಣವಿರಲಿಲ್ಲ. ತನಗೆ ಬಟ್ಟೆ ಮಾರುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ಲೆವಿ ಸ್ಟ್ರಾಸ್‌ಗೆ ಕಾಗದ ಬರೆದ. 1873ರ ಮೇ 20ರಂದು ಇಬ್ಬರಿಗೂ ಕೂಡಿ ಪೇಟೆಂಟ್ ದೊರೆಯಿತು. ಆದರೆ ಲೋಕವೆಲ್ಲ ಬಲ್ಲದ್ದು ವ್ಯಾಪಾರಿಯ ಹೆಸರನ್ನು. ಸಿಂಪಿಗನ ಹೆಸರು ಎಷ್ಟು ಜನಕ್ಕೆ ಗೊತ್ತು? ಅಷ್ಟು ದೂರವೇಕೆ, ಪಕ್ಕದ ಬಳ್ಳಾರಿಯೇ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಅಲ್ಲಿ ಕತ್ತರಿಸುವವರು, ಹೊಲಿಯುವವರು, ತೊಳೆಯುವವರು ಎಷ್ಟೋ ಕೈಗಳಿವೆ. ಅಂಗಡಿಯಲ್ಲಿ ಕೊಳ್ಳುವವನಿಗೆ ಕಾಣುವುದು ಬೆಲೆಯ ಚೀಟಿಯೊಂದೇ.

ಈಗ ಕೆಲಸದ ಮಾತು. ಒಗೆದು ಒಗೆದು ಮೆತ್ತಗೆ, ತೆಳ್ಳಗೆ ಆದ ಪ್ಯಾಂಟನ್ನೇ ಆರಿಸಿಕೊಳ್ಳಿ. ದಪ್ಪ ಬಟ್ಟೆಯಾದರೆ ಕೊರಳ ಗಂಟು ಮುಷ್ಟಿಯಷ್ಟಾಗುತ್ತದೆ. ಎಳೆದರೆ ಹಿಗ್ಗುವ ಬಟ್ಟೆ ಬೇಡ. ಕಾಲುಗಳ ಹೊಲಿಗೆ ಬಿಚ್ಚಿ, ಒಗೆದು, ಇಸ್ತ್ರಿ ಮಾಡಿ. ಹಳೆಯ ಟೈ ಒಂದನ್ನು ಬಿಚ್ಚಿ ಅದರ ಅಳತೆಯನ್ನು ಕಾಗದಕ್ಕೆ ಇಳಿಸಿಕೊಳ್ಳಿ. ಸಿದ್ಧವಾದ ಟೈ ಸುಮಾರು 145 ಸೆಂಟಿಮೀಟರ್ ಉದ್ದ, ಮುಂದಿನ ತುದಿಯಲ್ಲಿ 8 ಸೆಂಟಿಮೀಟರ್ ಅಗಲ ಇದ್ದರೆ ಸಾಕು.

ಕಾಗದವನ್ನು ಬಟ್ಟೆಯ ಎಳೆಗೆ ನೇರವಾಗಿ ಇಡಬೇಡಿ. 45 ಡಿಗ್ರಿ ಓರೆಯಾಗಿಡಿ. ಟೇಲರುಗಳು ಇದನ್ನೇ ಕ್ರಾಸ್ ಎನ್ನುತ್ತಾರೆ. ಓರೆ ಕತ್ತರಿಸಿದ ಬಟ್ಟೆ ಗಂಟಿಗೆ ಬಗ್ಗುತ್ತದೆ, ಬಿಚ್ಚಿದ ಮೇಲೆ ಮತ್ತೆ ನೆಟ್ಟಗಾಗುತ್ತದೆ. ಪ್ಯಾಂಟಿನ ಒಂದು ಕಾಲಿನಲ್ಲಿ ಓರೆಯಾಗಿ ಇಡೀ ಟೈ ಹಿಡಿಯುವುದಿಲ್ಲ. ಆದ್ದರಿಂದ ಮೂರು ತುಂಡು ಮಾಡಿ ಜೋಡಿಸಿ. 1920ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ರೂಢಿಗೆ ತಂದದ್ದೂ ಇದೇ ಕ್ರಮ. ಕಾಲರಿನೊಳಗೆ ಹೋಗುವ ನಡುವಿನ ತುಂಡಿಗೆ ಹಳೆಯ ಅಂಗಿಯ ತೆಳು ಬಟ್ಟೆ ಸಾಕು. ಡೆನಿಮ್ ತಾನೇ ಗಡುಸು, ಒಳಗೆ ಕ್ಯಾನ್ವಾಸ್ ಬೇಡ. ತುದಿಗಳಿಗೆ ಅಸ್ತರ ಕೊಡಿ. ಮಷೀನಿಗೆ 16 ನಂಬರಿನ ಸೂಜಿ ಹಾಕಿ. ಹಿಂಬದಿಯ ಉದ್ದ ಹೊಲಿಗೆಯನ್ನು ಮಾತ್ರ ಕೈಯಿಂದಲೇ ಸಡಿಲವಾಗಿ ಹಾಕಬೇಕು. ಬಿಗಿದರೆ ಟೈ ಮುದುಡುತ್ತದೆ.

ಇನ್ನು ಲೆಕ್ಕ. ಬಿಚ್ಚಲು, ಕತ್ತರಿಸಲು, ಹೊಲಿಯಲು ಎರಡು ತಾಸು ಹಿಡಿಯಿತು ಎನ್ನೋಣ. ಎಂಟು ತಾಸಿನ ಕೂಲಿ 400 ರೂಪಾಯಿ ಎಂದಿಟ್ಟುಕೊಂಡರೆ, ಈ ಟೈಯಲ್ಲಿ ಕೂಲಿಯೇ 100 ರೂಪಾಯಿ ಆಯಿತು. ದಾರ, ಅಸ್ತರ, ಇಸ್ತ್ರಿಯ ಖರ್ಚು ಬೇರೆ. ಹೀಗಿರುವಾಗ, "ಬಟ್ಟೆ ಪುಕ್ಕಟೆ ಸಿಕ್ಕಿದೆಯಲ್ಲ ತಂಗಿ, 60ಕ್ಕೆ ಕೊಡು" ಎಂದರೆ, ಕಡಿಮೆಯಾದದ್ದು ಯಾವುದರ ಬೆಲೆ? ಬಟ್ಟೆಯದಲ್ಲ, ಅವಳ ಹೊತ್ತಿನದು. ಅಕ್ಕಿ ಗಿರಣಿಯ ಹಮಾಲ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೀಲ ಹಗುರವೆಂದು ಹೇಳುವವನು ಅದನ್ನು ಹೊತ್ತವನಲ್ಲ.

ವ್ಯಾಪಾರಿ ಮಿತ್ರರಿಗೂ ಒಂದು ಮಾತು. ನಿಮ್ಮ ಕಷ್ಟವನ್ನು ನಾನು ಬಲ್ಲೆ. ನಮ್ಮ ಬಿಸಿಲಿಗೆ ಟೈ ದಿನಬಳಕೆಯ ಬಟ್ಟೆಯಲ್ಲ. ಮದುವೆಗೆ, ಶಾಲೆಯ ಸಮಾರಂಭಕ್ಕೆ, ಬ್ಯಾಂಡಿನವರಿಗೆ ಬೇಕಾದೀತು. ಆದ್ದರಿಂದ ನೂರಾರು ಹೊಲಿಸಿ ಗಂಟು ಕಟ್ಟಿಡಬೇಡಿ, ಆರ್ಡರು ಬಂದಷ್ಟು ಹೊಲಿಸಿ. ಆದರೆ "ಮಾರಿದ ಮೇಲೆ ಕೊಡುತ್ತೇನೆ" ಎನ್ನುವ ರೂಢಿ ಬಿಡಿ. ಮಾರದೆ ಉಳಿದರೆ ನಷ್ಟವನ್ನು ಹೊಲಿದ ಹೆಂಗಸು ಹೊರಬೇಕೇನು? ಸರಕು ಕೈಗೆ ಬಂದ ದಿನವೇ ಕೂಲಿ ಕೊಡಿ.

ಹೊಲಿಯುವ ತಾಯಂದಿರೇ, ಒಬ್ಬೊಬ್ಬರೇ ದರ ಮಾತಾಡಬೇಡಿ. ಒಂದು ಓಣಿಯವರು ಕೂಡಿ ಕುಳಿತು ತಾಸಿನ ಲೆಕ್ಕ ಹಾಕಿ, ಒಂದೇ ದರ ಹೇಳಿ. ಚೀಟಿ ಬರೆಯುವಾಗ ಬಟ್ಟೆಯ ಎದುರಿಗೆ ಸೊನ್ನೆ ಬರೆಯಿರಿ, ಅಡ್ಡಿಯಿಲ್ಲ. ಕೂಲಿಯ ಎದುರಿಗೆ ಮಾತ್ರ ಸೊನ್ನೆ ಬರೆಯಬೇಡಿ.