ಸಿವಿಲ್ ಸೀಟು: ಬಿಲ್ಡಿಂಗ್ ಅಲ್ಲ, ಲ್ಯಾಬ್ ನೋಡಿ

ಚಿಕ್ಕಜಾಜೂರು ಜಂಕ್ಷನ್‌ನಿಂದ ಒಂದು ಹಳಿ ದಾವಣಗೆರೆಗೆ, ಇನ್ನೊಂದು ಚಿತ್ರದುರ್ಗಕ್ಕೆ. ಸಿವಿಲ್ ಎಂಜಿನಿಯರಿಂಗ್ ಓದೋಕೆ ದಾವಣಗೆರೆಯಲ್ಲಿ 1951ರಲ್ಲಿ ಶುರುವಾದ ಯುಬಿಡಿಟಿ ಇದೆ, ಬಿಐಇಟಿ ಇದೆ, ಚಿತ್ರದುರ್ಗದಲ್ಲಿ ಎಸ್‌ಜೆಎಂಐಟಿ.

ನಾನು ಬಿಕಾಂ ಓದಿದವನು, ಲೆಕ್ಕದಿಂದಲೇ ಶುರು ಮಾಡ್ತೀನಿ. ಮನೆಯಿಂದ ಓಡಾಡಿದ್ರೆ ನಾಲ್ಕು ವರ್ಷದ ಹಾಸ್ಟೆಲ್ ಖರ್ಚು ಉಳಿಯುತ್ತೆ. ಆದ್ರೆ ಅದೊಂದನ್ನೇ ನೋಡಿ ಸೇರಬೇಡಿ. ಕಾಲೇಜಿಗೆ ಹೋಗಿ ಸೀನಿಯರ್‌ಗಳನ್ನ ಕೇಳಿ: ಸರ್ವೆಗೆ ಟೋಟಲ್ ಸ್ಟೇಷನ್ ನಿಮ್ಮ ಕೈಗೆ ಕೊಡ್ತಾರಾ? ಕಾಂಕ್ರೀಟ್ ಕ್ಯೂಬ್ ನೀವೇ ಹಾಕಿ, 28 ದಿನ ನೀರಲ್ಲಿಟ್ಟು, ಒಡೆದು ನೋಡ್ತೀರಾ? ನಮ್ಮ ಜಿಲ್ಲೆಯ ಭದ್ರಾ ಮೇಲ್ದಂಡೆ ಕಾಲುವೆ ನೋಡೋಕೆ ಕರ್ಕೊಂಡು ಹೋಗಿದ್ದಾರಾ?

ಹೌದು ಅಂದ ಕಾಲೇಜನ್ನ ಕೆಇಎ ಆಪ್ಷನ್ ಎಂಟ್ರಿಯಲ್ಲಿ ಮೇಲೆ ಹಾಕಿ. ಮೇಲಿನದು ಸಿಕ್ಕಿದ್ರೆ ಅದರ ಕೆಳಗಿನವು ನಿಮಗೆ ಸಿಗಲ್ಲ. ಹಾಗಾಗಿ ಲಿಸ್ಟ್ ಲಾಕ್ ಮಾಡೋ ಮುಂಚೆ ಒಂದು ದಿನ ಟ್ರೈನ್ ಹತ್ತಿ, ಕಾಲೇಜು ನೋಡ್ಕೊಂಡು ಬನ್ನಿ.