ಸವೆದ ಸಿಮೆಂಟ್ ಅಂಗಳಕ್ಕೆ ಹೊಸ ಮೇಲ್ಪದರ

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೇಸಾಯಶಾಸ್ತ್ರ ಕಲಿಸುವವನು ಈ ದಿನ ಸಿಮೆಂಟಿನ ವಿಷಯ ಮಾತನಾಡುತ್ತಾನೆಂದು ಹೇಳಿದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ನಗಬಹುದು. ಆದರೆ ಗದ್ದೆಯಲ್ಲಿ ನಾಲ್ಕು ತಿಂಗಳು ಕಾಪಾಡಿದ ಭತ್ತವನ್ನು ಅಂಗಳದಲ್ಲಿ ನಾಲ್ಕೇ ದಿನದಲ್ಲಿ ಹಾಳು ಮಾಡಿಕೊಂಡವರನ್ನು ನಾನು ವರ್ಷ ವರ್ಷವೂ ನೋಡುತ್ತಿದ್ದೇನೆ. ಹಾಗಾಗಿ ಅಂಗಳವೂ ನನ್ನ ಪಾಠದೊಳಗೇ ಬರುತ್ತದೆ.

ಹಿಂದೆ ಕೊಯ್ದ ಪೈರು ಗದ್ದೆಯಲ್ಲಿಯೇ ಒಂದೆರಡು ಬಿಸಿಲು ಕಂಡು, ಹೊರೆಯಾಗಿ ಮನೆಗೆ ಬಂದು, ಹಡಿಮಂಚಕ್ಕೆ ಬಡಿದ ಮೇಲೆ ಅಂಗಳಕ್ಕೆ ಬೀಳುತ್ತಿತ್ತು. ಅಂಗಳಕ್ಕೆ ಸಗಣಿ ಸಾರಿಸಿದರೆ ಸಾಕಾಗುತ್ತಿತ್ತು. ಈಗ ಕೊಯ್ಲಿನ ಯಂತ್ರ ಬಂದು ಒಂದೇ ಮಧ್ಯಾಹ್ನದಲ್ಲಿ ಇಡೀ ಬೆಳೆಯನ್ನು ಹಸಿಯಾಗಿ ತಂದು ಸುರಿಯುತ್ತದೆ. ಆ ಭತ್ತದಲ್ಲಿ ಶೇಕಡಾ 20ಕ್ಕೂ ಹೆಚ್ಚು ತೇವವಿರುವುದು ಸಾಮಾನ್ಯ. ದಾಸ್ತಾನಿಗೆ ಅದು 14ಕ್ಕೆ ಇಳಿಯಬೇಕು. ರಾಶಿಯಲ್ಲಿ ಬಿಟ್ಟರೆ ಕಾವು ಹುಟ್ಟಿ ಮುಗ್ಗುತ್ತದೆ. ಆ ಹೊತ್ತಿಗೆ ಅಂಗಳದಲ್ಲಿ ಜಲ್ಲಿ ಎದ್ದು, ಗುಂಡಿಗಳಲ್ಲಿ ನೀರು ನಿಂತಿದ್ದರೆ ಏನು ಮಾಡುವುದು? ಟಾರ್ಪಾಲು ಇದೆಯಲ್ಲ ಎನ್ನುತ್ತೀರಿ. ಎದ್ದ ಜಲ್ಲಿಯ ಮೇಲೆ ಹಾಸಿ, ಕಾಲಲ್ಲಿ ಭತ್ತ ಎಳೆದರೆ ಟಾರ್ಪಾಲು ಎಷ್ಟು ದಿನ ಬಾಳುತ್ತದೆಂಬುದನ್ನು ತಾವೇ ಬಲ್ಲಿರಿ.

ನೆಲಗಡಲೆ ಬೆಳೆಯುವವರಿಗೆ ಇದು ಇನ್ನೂ ಗಂಭೀರ. ಕಾಯಿ ಸರಿಯಾಗಿ ಒಣಗದೆ ಬೂಸ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುವ ಸಂಭವವಿದೆ. ಬೇಯಿಸಿದರೂ ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಚಾಲಿ ಅಡಿಕೆಯಂತೂ 35ರಿಂದ 45 ದಿನ ಅದೇ ಅಂಗಳದಲ್ಲಿ ಬಿದ್ದಿರಬೇಕು.

ಇನ್ನು ಅಂಗಳ ಏಕೆ ಸವೆಯುತ್ತದೆ? ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸಿಮೆಂಟು ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಅದರೊಳಗೆ ಸುಣ್ಣದ ಅಂಶವೂ ಉಂಟಾಗುತ್ತದೆ. ಮಳೆನೀರು ಮೃದು, ತುಸು ಹುಳಿಗುಣದ್ದು. ಅದು ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿಕೊಂಡು ಹೋಗುತ್ತದೆ. ಮೊದಲು ಹೊಯಿಗೆ ಕಾಣುತ್ತದೆ, ಆಮೇಲೆ ಜಲ್ಲಿ. ಮಾಡಿನ ನೀರು ಬೀಳುವ ಸಾಲನ್ನು ನೋಡಿ, ಸವೆತ ಅಲ್ಲಿಯೇ ಮೊದಲು. ಒರಟಾದ ಮೈಯಲ್ಲಿ ಪಾಚಿ ಬೇರೂರಿ ತೇವ ಹಿಡಿದಿಡುತ್ತದೆ, ಜಾರಿ ಬಿದ್ದು ಸೊಂಟ ಮುರಿದುಕೊಂಡ ಹಿರಿಯರು ಯಾವ ಊರಿನಲ್ಲಿಲ್ಲ?

ಕಳೆದ ವರ್ಷ ಒಬ್ಬ ಯುವಕರು ತಮ್ಮ ಫೋನಿನಲ್ಲಿ ಹಿಮ ಬೀಳುವ ಎತ್ತರದ ನಾಡೊಂದರ ಸಲಹೆಯನ್ನು ತೋರಿಸಿ, ಇದರಂತೆ ಮಾಡಲೇ ಎಂದು ಕೇಳಿದರು. ಲಡಾಖಿನಂತಹ ಕಡೆ ಕಾಂಕ್ರೀಟಿನ ಶತ್ರು ಬೇರೆ. ಸೂಕ್ಷ್ಮ ರಂಧ್ರಗಳಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಶೇಕಡಾ 9ರಷ್ಟು ಹಿಗ್ಗುತ್ತದೆ, ಹಗಲು ಕರಗುತ್ತದೆ, ಹೀಗೆ ಮೇಲಿನ ಪದರ ಚಕ್ಕೆಯಾಗಿ ಏಳುತ್ತದೆ. ಅದಕ್ಕಾಗಿ ಅವರು ಗಾರೆಯೊಳಗೆ ಸಣ್ಣ ಗಾಳಿಗುಳ್ಳೆಗಳನ್ನು ಉಂಟುಮಾಡುವ ದ್ರವ ಬೆರೆಸುತ್ತಾರೆ, ಹೊಸ ಪದರಕ್ಕೆ ಚಳಿ ತಾಗದಂತೆ ಹೊದಿಸುತ್ತಾರೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಆ ದ್ರವಕ್ಕೆ ಹಣ ಹಾಕಬೇಡಿ. ಆದರೆ ಒಂದು ಮಾತು ಅಲ್ಲಿಗೂ ಇಲ್ಲಿಗೂ ಒಂದೇ: ಹೊಸ ಪದರ ನಿಲ್ಲುವುದು ಅದರ ಸ್ವಂತ ಬಲದಿಂದಲ್ಲ, ಕೆಳಗಿನ ಹಳೆಯ ಮೈಯನ್ನು ಹಿಡಿದುಕೊಂಡ ಬಲದಿಂದ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಬೈಂದೂರು ಕಡೆಯ ನಮ್ಮ ಹಿರಿಯರ ಮನೆಯ ಅಂಗಳ ಸವೆದಾಗ, ಕಡಿಮೆ ಖರ್ಚಿನಲ್ಲಿ ಆಗಲೆಂದು, ಗುಡಿಸಿದ ನೆಲದ ಮೇಲೆ ದಪ್ಪನೆಯ ಸಿಮೆಂಟ್ ಹಾಲು ಬಳಿಸಿದೆ. ಮೇಸ್ತ್ರಿಯವರು ಬೇಡವೆಂದರು, ಡಾಕ್ಟರೇಟು ಪಡೆದವನು ಕೇಳಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಅದು ಕಾವಲಿಯ ಮೇಲಿನ ದೋಸೆಯಂತೆ ಅಂಚು ಬಿಟ್ಟು ಎದ್ದಿತು. ಕೊಯ್ಲಿನ ಅವಸರದಲ್ಲಿ ಅದರ ಮೇಲೆಯೇ ಭತ್ತ ಹರಡಿದೆವು. ಆ ವರ್ಷ ಕುಚ್ಚಲಕ್ಕಿ ಅನ್ನದ ಮೊದಲ ತುತ್ತಿಗೇ ಚಕ್ಕೆ ಹಲ್ಲಿಗೆ ಸಿಕ್ಕಿತು. ತಾಯಿಯವರು ಏನೂ ಹೇಳಲಿಲ್ಲ. ಮೊರ ಹಿಡಿದು ಕುಳಿತರು, ದಿನವೂ.

ಆದ್ದರಿಂದ ಮೊದಲು ಅಂಗಳವನ್ನು ಪರೀಕ್ಷಿಸಿ. ಕಬ್ಬಿಣದ ಸರಳಿನಿಂದ ಮೊಳಕ್ಕೊಂದರಂತೆ ಬಡಿದು ಕೇಳಿ. ಗಟ್ಟಿ ನಾದ ಬಂದರೆ ಒಳ್ಳೆಯದು. ಟೊಳ್ಳು ನಾದ ಬಂದ ಕಡೆ ಸುಣ್ಣದಲ್ಲಿ ಗುರುತು ಹಾಕಿ. ಅಲ್ಲಲ್ಲಿ ಮಾತ್ರ ಟೊಳ್ಳಿದ್ದರೆ ಆ ಭಾಗ ಕಿತ್ತು ತುಂಬಿಸಿದರಾಯಿತು. ಅರ್ಧಕ್ಕಿಂತ ಹೆಚ್ಚು ಟೊಳ್ಳಾಗಿದ್ದರೆ, ಅಥವಾ ಅಡಿಯ ಮಣ್ಣು ಕುಸಿದು ಚಪ್ಪಡಿ ಅಲುಗುತ್ತಿದ್ದರೆ, ಮೇಲ್ಪದರಕ್ಕೆ ಹಾಕುವ ಹಣ ವ್ಯರ್ಥ. ಅದನ್ನು ಒಡೆದು, ಅಡಿಯನ್ನು ದಮ್ಮಸ್ಸು ಮಾಡಿ, ಹೊಸದಾಗಿ ನಾಲ್ಕು ಅಂಗುಲ ಕಾಂಕ್ರೀಟು ಹಾಕುವುದೇ ಲೇಸು.

ಗಟ್ಟಿ ಇದೆಯೆಂದು ತಿಳಿದ ಮೇಲೆ ನಿಜವಾದ ಕೆಲಸ. ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಬ್ಲೀಚಿಂಗ್ ಪೌಡರ್ ಉಪಯೋಗಿಸಿದರೆ ಧಾರಾಳ ಸಿಹಿನೀರಿನಿಂದ ತೊಳೆಯಬೇಕು. ಅದರೊಂದಿಗೆ ಆಸಿಡ್ ಬೆರೆಸಲೇಬಾರದು, ವಿಷಾನಿಲ ಬರುತ್ತದೆ. ಕಳೆನಾಶಕವನ್ನಾಗಲಿ, ಹಳೆಯ ಇಂಜಿನ್ ಎಣ್ಣೆಯನ್ನಾಗಲಿ ಧಾನ್ಯ ಬೀಳುವ ನೆಲಕ್ಕೆ ಸೋಕಿಸಬೇಡಿ. ಅನಂತರ ಉಳಿ ಸುತ್ತಿಗೆಯಿಂದ ಮೈಯೆಲ್ಲ ಕಚ್ಚು ಹಾಕಬೇಕು. ಇದು ಬೇಸರದ ಕೆಲಸ, ಕೂಲಿ ಬೇಡುವ ಕೆಲಸ, ಎಲ್ಲರೂ ಕಳ್ಳಾಟವಾಡುವುದು ಇಲ್ಲಿಯೇ. ಸಡಿಲವಾದದ್ದೆಲ್ಲ ಹೋಗಿ, ಮುರಿದ ಜಲ್ಲಿಯ ಹೊಸ ಮುಖ ಕಾಣುವವರೆಗೆ ಬಿಡಬೇಡಿ. ಧೂಳು ತೊಳೆದು, ಹಿಂದಿನ ರಾತ್ರಿ ನೀರು ಕುಡಿಸಿ. ಬೆಳಿಗ್ಗೆ ನೆಲದೊಳಗೆ ತೇವವಿರಬೇಕು, ಮೇಲೆ ನೀರು ನಿಂತಿರಬಾರದು. ಒಣ ನೆಲ ಹೊಸ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ.

ಸಿಮೆಂಟ್ ಹಾಲನ್ನು ಈಗ ಬಳಿಯಬಹುದು, ಆದರೆ ಅಂಟಾಗಿ ಮಾತ್ರ. ಕಚ್ಚು ಹಾಕಿದ ಮೈಗೆ ಬ್ರಷ್ಷಿನಿಂದ ಉಜ್ಜಿ, ಅದು ಹಸಿಯಾಗಿರುವಾಗಲೇ ಕಾಂಕ್ರೀಟು ಹಾಕಬೇಕು. ಮುಂದೆ ಮುಂದೆ ಬಳಿದು ಒಣಗಲು ಬಿಟ್ಟರೆ ಅಂಟುವುದಿಲ್ಲ, ಬಿಡಿಸುತ್ತದೆ. ಒಂದು ಭಾಗ ಸಿಮೆಂಟಿಗೆ ಒಂದೂವರೆ ಭಾಗ ಹೊಯಿಗೆ, ಮೂರು ಭಾಗ ಸಣ್ಣ ಜಲ್ಲಿ. ಜಲ್ಲಿ 10 ಮಿ.ಮೀ.ಗಿಂತ ದಪ್ಪವಿರಬಾರದು. ಪದರ ಒಂದೂವರೆ ಅಂಗುಲ, ಅಂದರೆ 40 ಮಿ.ಮೀ. ಇರಲಿ. 100 ಚದರ ಅಡಿಗೆ ಸುಮಾರು 3 ಚೀಲ ಸಿಮೆಂಟು ಬೇಕಾಗುತ್ತದೆ. 50 ಕಿಲೋ ಚೀಲಕ್ಕೆ ನೀರು 25 ಲೀಟರು ಮೀರಬಾರದು. ಹೊಯಿಗೆ ಒದ್ದೆಯಿದ್ದರೆ ಇನ್ನೂ ಕಡಿಮೆ. ಕೆಲಸ ಸುಲಭವಾಗಲೆಂದು ಕೊಡಪಾನ ಸುರಿಯುವವರ ಕೈ ಹಿಡಿಯಿರಿ. ಹೆಚ್ಚಿನ ನೀರು ಮೇಲೆ ಬಂದಾಗ ಒಣ ಸಿಮೆಂಟು ಚೆಲ್ಲಿ ನುಣುಪು ಮಾಡುವ ಪದ್ಧತಿ ನಮ್ಮಲ್ಲಿದೆ. ನೋಡಲು ಕನ್ನಡಿಯಂತಿರುತ್ತದೆ, ಮೊದಲು ಏಳುವುದೂ ಅದೇ.

ಬಾಗಿಲಿನ ಎತ್ತರದ ಕಾರಣ ಇಷ್ಟು ದಪ್ಪ ಹಾಕಲಾಗದವರು ಅಂಗಡಿಯಲ್ಲಿ ಸಿಗುವ ಲೇಟೆಕ್ಸ್ ದ್ರವವನ್ನು, ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ, ಒಂದಕ್ಕೆ ಮೂರರ ಗಾರೆಗೆ ಬೆರೆಸಿ ಅರ್ಧ ಅಂಗುಲ ಹಾಕಬಹುದು. ಖರ್ಚು ಹೆಚ್ಚು, ಸಿದ್ಧತೆ ಅಷ್ಟೇ.

ಹೊಯಿಗೆಯ ವಿಷಯ. ಗಂಗೊಳ್ಳಿ ಅಳಿವೆಯಂತಹ ಉಪ್ಪುನೀರು ಏರಿ ಬರುವ ಕಡೆಯ ಹೊಯಿಗೆ ಕೂಡದು. ಬೇಸಿಗೆಯಲ್ಲಿ ಸವುಳಾಗುವ ಬಾವಿಯ ನೀರೂ ಕೂಡದು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಅಂತಹ ಅಂಗಳ ಬಿಸಿಲಿನಲ್ಲೂ ಪೂರ್ತಿ ಒಣಗದು. ಮರವಂತೆ, ಕೋಡಿ ಕಡೆ ತಾರಸಿಯ ಮೇಲೆ ಒಣಗಿಸುವವರಿಗೆ ಇನ್ನೊಂದು ಎಚ್ಚರಿಕೆ. ತಾರಸಿಯಲ್ಲಿ ಕಬ್ಬಿಣವಿದೆ, ಉಪ್ಪು ತಾಗಿದ ಕಬ್ಬಿಣ ತುಕ್ಕಾಗಿ ಹಿಗ್ಗಿ ಕಾಂಕ್ರೀಟನ್ನೇ ಒಡೆಯುತ್ತದೆ. ತುಕ್ಕಿನ ಕಲೆ ಕಂಡರೆ ಮೇಲ್ಪದರ ಹಾಕಿ ಮುಚ್ಚಬೇಡಿ, ಭಾರವೂ ಹೆಚ್ಚುತ್ತದೆ. ಇಂಜಿನಿಯರರಿಗೆ ತೋರಿಸಿ.

ಇಳಿಜಾರು 10 ಅಡಿಗೆ ಒಂದೂವರೆ ಅಂಗುಲ, ಮನೆಯಿಂದ ಹೊರಕ್ಕೆ. ಹಳೆಯ ಚಪ್ಪಡಿಯಲ್ಲಿ ಸಂದು ಇರುವ ಕಡೆ ಹೊಸದರಲ್ಲಿಯೂ ಸಂದು ಬಿಡಿ. ನೀವು ಬಿಡದಿದ್ದರೆ ಅದು ತಾನೇ ಬಿರುಕಾಗಿ ಬಿಟ್ಟುಕೊಳ್ಳುತ್ತದೆ.

ಯಾವಾಗ ಮಾಡುವುದು? ಮಳೆ ನಿಂತ ಮೇಲೆ ಎಂದುಕೊಂಡರೆ ಕೊಯ್ಲು ಬಾಗಿಲಿಗೆ ಬಂದಿರುತ್ತದೆ. ಅಡಿಕೆ ಎತ್ತಿದ ಮೇಲೆ, ಏಪ್ರಿಲ್‌ನಿಂದ ಮೇ ಮೊದಲ ವಾರದೊಳಗೆ ಮುಗಿಸುವುದು ಉತ್ತಮ. ಬಿಸಿಲು ಕಠಿಣವಾದ್ದರಿಂದ ಸಂಜೆ ಹಾಕಿ, ಮೇಲ್ಮೈ ಬಿಗಿದ ಕೂಡಲೇ ಮಡಲು ಮುಚ್ಚಿ, ಮರುದಿನದಿಂದ ಬೈಹುಲ್ಲು ಹಾಸಿ ಒದ್ದೆ ಇಡಿ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹಾರುಬೂದಿ ಬೆರೆತ ಸಿಮೆಂಟು. ಅದಕ್ಕೆ ಏಳು ದಿನ ಸಾಲದು, 14 ದಿನ ನೀರು ಬೇಕು. ಹುಲ್ಲು ಒಂದು ಮಧ್ಯಾಹ್ನ ಒಣಗಿದರೂ ಕೂದಲೆಳೆಯ ಬಿರುಕು ಬೀಳುತ್ತದೆ. ಮನೆಯಲ್ಲಿ ನೀರಿಗೆ ಅಭಾವವಿದ್ದರೆ ಆ ವರ್ಷ ಅರ್ಧ ಅಂಗಳ ಮಾತ್ರ ಮಾಡಿ.

ಬೀಜದ ಭತ್ತದ ಬಗ್ಗೆ ಒಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಒಣಗಿಸುವ ಕೊಳಕೆ ಬೆಳೆಯ ಬೀಜವನ್ನು ಹೊಸ ಅಂಗಳವೆಂಬ ಉತ್ಸಾಹದಲ್ಲಿ ನಡುಮಧ್ಯಾಹ್ನದ ಕಾದ ಸಿಮೆಂಟಿನ ಮೇಲೆ ಹರಡಬೇಡಿ, ಮೊಳಕೆ ಕೆಡುತ್ತದೆ. ಚಾಪೆಯ ಮೇಲೆ ಬೆಳಗಿನ ಮತ್ತು ಇಳಿಹೊತ್ತಿನ ಬಿಸಿಲು ಸಾಕು.

ಮಾಡಿನ ಅಂಚಿಗೆ ದೋಣಿ ಕಟ್ಟಿಸದೆ ಅಂಗಳ ಮಾಡಿಸಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಸರಿ, ನಿಮ್ಮೊಂದಿಗೆ ಚಹಾ ಕುಡಿಯುತ್ತಾ ಮಾತನಾಡುತ್ತೇನೆ.